ಕೆಳಗಿನ ಮನೆಯ ಕವಿಗೆ ಉಡಿ ತುಂಬಿದ್ದು

ಅಮೆರಿಕದ ಆಧುನಿಕ ಕಾವ್ಯದ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಿದ್ದೆಗಣ್ಣಿನಲ್ಲಿ ಕೇಳಿದ್ದು. ಜರ್ಮನಿಯ ರೇಗನ್ಸ್‌ಬರ್ಗ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಸ್ಸಿಳಿದು ಬರುತ್ತಿದ್ದೆ. ಮೂರನೆಯ ಮಹಡಿಯ ನಮ್ಮ ಮನೆಗೆ ಹತ್ತುವ ಮೊದಲು ಎರಡನೆಯ ಮಹಡಿಯ ಬಾಗಿಲು ತಟ್ಟುತ್ತಿದ್ದೆ. ಅಲ್ಲಿ ಒಂದು ಹಸಿರು ಸೋಫಾ. ಅದರ ಮೇಲೆ ನಾನು ಕಾಲು ಚಾಚಿದರೆ, ಎದುರಿನ ಕುರ್ಚಿಯಲ್ಲಿ ಎಂಬತ್ತು ದಾಟಿದ ಅಮೆರಿಕದ ಮುದುಕಿಯೊಬ್ಬರು ತಾವು ಬರೆದದ್ದನ್ನು ಓದಲು ಶುರು ಮಾಡುತ್ತಿದ್ದರು. ಮೊದಲ ಕೆಲವು ಸಾಲು ಕಿವಿಗೆ ಬೀಳುತ್ತಿದ್ದವು. ಆಮೇಲೆ ಆ ಸಾಲುಗಳು, ಕಿಟಕಿಯ ಹೊರಗೆ ಡೊನಾವ್ ನದಿಯಿಂದ ಏಳುವ ಮಂಜು, ಧಾರವಾಡದಲ್ಲಿ ನಮ್ಮವ್ವ ಅಕ್ಕಿ ಆರಿಸುತ್ತ ಗುನುಗುತ್ತಿದ್ದ ಹಾಡು, ಎಲ್ಲ ಕಲಸಿಹೋಗಿ ನಾನು ಗೊರಕೆ ಹೊಡೆಯುತ್ತಿದ್ದೆ.

ಅವರಿಗೆ ಅವಮಾನವಾಗಬೇಕಿತ್ತು. ಆಗುತ್ತಿರಲಿಲ್ಲ. ಎಚ್ಚರವಾಗಿ ನಾನು ನಾಲಿಗೆ ಕಚ್ಚಿಕೊಂಡರೆ ಅವರು ಕನ್ನಡಕ ಒರೆಸುತ್ತ, "ಎಲ್ಲಿ ನಿದ್ದಿ ಹತ್ತಿತು ಹೇಳು. ಆ ಸಾಲು ಚೊಲೊ ಇರಬೇಕು," ಎನ್ನುತ್ತಿದ್ದರು.

ಅವರು ಮಾತಾಡುತ್ತಿದ್ದದ್ದು ಇಂಗ್ಲಿಷ್. ಆದರೆ ಅವರ ಒಂದು ಮಾತೂ ನನಗೆ ಇಂಗ್ಲಿಷಿನಲ್ಲಿ ನೆನಪಿಲ್ಲ. ನನ್ನ ನೆನಪಿನಲ್ಲಿ ಅವರು ಪಕ್ಕಾ ಧಾರವಾಡದ ಮುದುಕಿಯ ಹಾಗೆ ಮಾತಾಡುತ್ತಾರೆ. ತಿದ್ದಲು ಹೋದರೆ ದನಿಯೇ ಮಾಯವಾಗುತ್ತದೆ, ಆದ್ದರಿಂದ ಹಾಗೇ ಬಿಟ್ಟಿದ್ದೇನೆ. ನಾನು ಅವರನ್ನು ಕರೆಯುತ್ತಿದ್ದದ್ದೂ ಆಯಿ ಎಂದೇ. ನಮ್ಮ ಮನೆಯಲ್ಲಿ ಅಜ್ಜಿಗೆ ಹಾಗೆನ್ನುತ್ತಿದ್ದೆವು. ಹೆಸರು ಹಿಡಿದು ಕರೆ ಎಂದು ಅವರು ಎಷ್ಟು ಹೇಳಿದರೂ, ಹೆತ್ತ ತಾಯಿಗಿಂತ ಹಿರಿಯರ ಹೆಸರು ನನ್ನ ಬಾಯಲ್ಲಿ ಬರಲಿಲ್ಲ.

ಕಾರ್ಖಾನೆಯ ಒಳಗೆ ಒಂದು ಕಣ ಧೂಳು ಕೂಡದು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು, ಮೂಗು ಬಾಯಿ ಮುಚ್ಚಿ, ಕಣ್ಣಷ್ಟೇ ಬಿಟ್ಟು ಹೋಗಬೇಕು. ನನ್ನ ವಿಭಾಗದಲ್ಲಿ ದೀಪಗಳೂ ಹಳದಿ, ಬೇರೆ ಬೆಳಕು ಬಿದ್ದರೆ ಕೆಲಸ ಕೆಡುತ್ತದೆ. ಇಡೀ ಪಾಳಿ ಒಬ್ಬರ ಮುಖವೂ ಕಾಣದೆ ಅರಿಷಿಣದ ನೀರಿನಲ್ಲಿ ಮುಳುಗಿದ ಹಾಗೆ ಓಡಾಡಿ ಹೊರಗೆ ಬಂದಾಗ, ಯಾರದಾದರೂ ಮುಖ ನೋಡಬೇಕು ಅನ್ನಿಸುತ್ತಿತ್ತು. ನಮ್ಮ ಮನೆಯವರು ಕಾರಿನ ಬಿಡಿಭಾಗದ ಕಂಪನಿಯಿಂದ ಬರುವುದು ಸಂಜೆಗೆ. ಮಗಳು ಶಾಲೆಯಿಂದ ಬಂದರೂ ಅವಳ ಮುಖ ಫೋನಿನೊಳಗೆ. ಹಾಗಾಗಿ ಆಯಿಯ ಮುಖವೇ ನನ್ನ ಪಾಲಿಗೆ ಬಂತು. ಉದ್ದ ಮೂಗು, ಮುಖದ ತುಂಬ ಇಸ್ತ್ರಿ ಕಾಣದ ಬಟ್ಟೆಯಂಥ ಸುಕ್ಕು, ನಕ್ಕರೆ ಒಂದೇ ಕಡೆ ಏರುವ ತುಟಿ.

ಮೊದಲ ಭೇಟಿಗೆ ಕಾರಣ ಸಂಡಿಗೆ. ಈ ದೇಶಕ್ಕೆ ಬಂದು ಎಷ್ಟೋ ವರ್ಷವಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಜೂನ್ ತಿಂಗಳ ಬಿಸಿಲು ಕಂಡದ್ದೇ ತಡ, ಬಾಲ್ಕನಿಯಲ್ಲಿ ಹಳೆ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟೆ. ಇಲ್ಲಿಯ ಬಿಸಿಲು ಗಾಳಿಯನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ. ಸೀರೆ ಎದ್ದು ಹಾರಿತು, ಅರ್ಧ ಒಣಗಿದ ಸಂಡಿಗೆಯೆಲ್ಲ ಕೆಳಗಿನ ಬಾಲ್ಕನಿಗೆ ಸುರಿಯಿತು. ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ. ತಟ್ಟೆಯ ತುಂಬ ಸಂಡಿಗೆ ಹಿಡಿದು ಬಿಳಿ ಕೂದಲಿನ ಹೆಂಗಸು ನಿಂತಿದ್ದರು. ಬೈಯಲು ಬಂದರು ಎಂದು ನಾನು ಮನಸ್ಸಿನಲ್ಲೇ ಜರ್ಮನ್ ವಾಕ್ಯ ಜೋಡಿಸುತ್ತಿದ್ದೆ.

"ಎರಡ ತಿಂದೀನಿ," ಎಂದರು ಅವರು. "ಉಪ್ಪು ಬರೋಬ್ಬರಿ ಐತಿ. ಇವನ್ನ ಹಿಂಗ ಹಸೀದ ತಿನ್ನೂದೇನು?"

ಒಳಗೆ ಕರೆದು ಕೂರಿಸಿ, ಕರಿದು ಕೊಟ್ಟೆ. ಅಂದಿನಿಂದ ಬಾಗಿಲುಗಳ ನಡುವಿನ ಮೆಟ್ಟಿಲು ಸವೆಯಿತು.

ಅವರು ಕವಿ ಎಂದು ತಿಳಿಯಲು ಇನ್ನೂ ಒಂದೆರಡು ಚಳಿಗಾಲ ಕಳೆಯಬೇಕಾಯಿತು. ಅಮೆರಿಕದ ಸೈನ್ಯದಲ್ಲಿದ್ದ ಗಂಡನ ಜೊತೆ ಎಳೆ ವಯಸ್ಸಿನಲ್ಲಿ ಬವೇರಿಯಾಕ್ಕೆ ಬಂದವರು. ಗಂಡ ಇಲ್ಲಿಯೇ ತೀರಿಕೊಂಡರು. ಮಕ್ಕಳಿರಲಿಲ್ಲ. ಇವರು ಸಂಜೆಯ ತರಗತಿಗಳಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತ ಉಳಿದುಬಿಟ್ಟರು, ಬೆಳಗ್ಗೆ ಬರೆದರು. ಬರೆದದ್ದು ಅಮೆರಿಕದ ಸಣ್ಣ ಪ್ರಕಾಶನಗಳಲ್ಲಿ ಅಚ್ಚಾಗಿ, ಅಲ್ಲಿಯೇ ಯಾರೋ ಓದಿ, ಅಲ್ಲಿಯೇ ಉಳಿಯುತ್ತಿತ್ತು. ನಮ್ಮ ಕಟ್ಟಡದಲ್ಲಿ ಅವರು ಪ್ರಸಿದ್ಧರಾಗಿದ್ದದ್ದು ಕಾಗದದ ಕಸವನ್ನು ಪ್ಲಾಸ್ಟಿಕ್ ಕಸದ ಡಬ್ಬಿಗೆ ಹಾಕುತ್ತಾರೆ ಎಂಬ ಕಾರಣಕ್ಕೆ ಮಾತ್ರ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಜರ್ಮನಿಯಲ್ಲೂ ಸತ್ಯವೇ.

ಅವರ ಕವಿತೆಗಳಲ್ಲಿ ದೊಡ್ಡದೇನೂ ನಡೆಯುತ್ತಿರಲಿಲ್ಲ. ಒಂದರಲ್ಲಿ ಬಸ್ಸಿನ ಕಿಟಕಿಗೆ ಹಣೆ ಆನಿಸಿದ ಯಾರದೋ ಗುರುತು ಆರುವುದಷ್ಟೇ. ಇನ್ನೊಂದರಲ್ಲಿ ನದಿ ಉಕ್ಕಿ ಬಂದು ಬೀದಿಯ ಬೆಂಚಿನ ಮೇಲೆ ಕೂತು ಇಳಿದುಹೋಗುತ್ತದೆ. ಇದು ಕವಿತೆಯೇ ಎಂದು ನಾನು ಬಾಯಿಬಿಟ್ಟು ಕೇಳಿದ್ದೆ. "ನಂಗೂ ಹಂಗ ಅನಸ್ತೈತಿ," ಎಂದಿದ್ದರು. ಆದರೂ ಮಾರನೆಯ ದಿನ ಹಳದಿ ಬೆಳಕಿನಲ್ಲಿ ನಿಂತಾಗ, ಆ ಬೆಂಚಿನ ಮೇಲಿನ ನೀರು ನನ್ನ ಕಣ್ಣ ಮುಂದೆ ಬಂದು ಕೂರುತ್ತಿತ್ತು. ನಾನು ಓದಿದವಳಲ್ಲ, ಅಂದರೆ ಕವಿತೆ ಓದಿದವಳಲ್ಲ. ಅದು ಒಳಗೆ ಹೇಗೆ ಬಂತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ನವೆಂಬರಿನ ಮಧ್ಯಾಹ್ನ ಎಂದಿನ ಹಾಗೆ ನಾನು ಸೋಫಾದ ಮೇಲೆ ಇದ್ದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಮನೆ ಇದೆ ಎಂದು ನಂಬಿಕೊಳ್ಳಬೇಕಿತ್ತು. ಫೋನ್ ಬಂತು. ಆಯಿ ನಿಂತುಕೊಂಡೇ ಮಾತಾಡಿದರು, ಮಾತಾಡಿದರು ಅನ್ನುವುದಕ್ಕಿಂತ ಕೇಳಿಸಿಕೊಂಡರು. ಆಮೇಲೆ ಫೋನನ್ನು ಹೂದಾನಿಯ ಪಕ್ಕ ಇಟ್ಟು, ಕುರ್ಚಿಯ ತೋಳು ಹಿಡಿದು ಕೂತರು. ಯಾರೋ ತೀರಿಕೊಂಡಿರಬೇಕು ಎಂದು ನಾನು ಎದ್ದು ಕೂತೆ.

"ಯಾರ ಹೋದ್ರು, ಆಯಿ?"

"ನಾನ ಹೋದೆ ಅನಸ್ತೈತಿ," ಎಂದರು. "ನನ್ನ ಇಡೀ ಬದುಕಿಗೆ ಬಹುಮಾನ ಕೊಡ್ತಾರಂತ."

ಅಮೆರಿಕದಲ್ಲಿ ಅಂಥದೊಂದು ಬಹುಮಾನವಿದೆಯಂತೆ. ಒಂದು ಪುಸ್ತಕಕ್ಕಲ್ಲ, ಒಂದು ಕವಿತೆಗಲ್ಲ. ಹೊಸ ಕಾಲದ ಕಾವ್ಯವನ್ನು ಜೀವಮಾನವಿಡೀ ಬರೆದವರಿಗೆ, ಇಲ್ಲಿಯವರೆಗೆ ಮಾಡಿದ್ದೆಲ್ಲ ಸೇರಿಸಿ ಕೊಡುವುದು. ಅದು ಬಂದರೆ ಆಮೇಲೆ ಅಲ್ಲಿಯ ಕವಿಗಳಿಗೆ ಆಗಬೇಕಾದ್ದು ಹೆಚ್ಚೇನೂ ಇರುವುದಿಲ್ಲವಂತೆ. ಅದೇ ಅವರಿಗೆ ಹೆದರಿಕೆ. "ನಾ ಇನ್ನೂ ಬರಿಯಾಕತ್ತೀನಿ. ಮುಂಜಾನೆ ಒಂದು ಅರ್ಧಾ ಬರದು ಬಿಟ್ಟೀನಿ. ಇವರು ಪೂರ್ಣವಿರಾಮ ಕಳಿಸ್ಯಾರ," ಎಂದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ನಮ್ಮ ಗಾದೆಯನ್ನು ನಾನು ಬಿಡಿಸಿ ಹೇಳಿದೆ. ಅವರು ನಕ್ಕು, ಬಾಯೊಳಗೆ ಬೆರಳಿಟ್ಟು ತಮ್ಮ ಕಟ್ಟಿಸಿದ ಹಲ್ಲು ಅಲುಗಾಡಿಸಿ ತೋರಿಸಿದರು.

ಬಹಿರಂಗವಾಗುವವರೆಗೆ ಯಾರಿಗೂ ಹೇಳಬಾರದು ಎಂದಿದ್ದರು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆ ನಮ್ಮ ಮನೆಯವರು ಬೂಟು ಬಿಚ್ಚುವ ಮೊದಲೇ ಹೇಳಿಬಿಟ್ಟೆ. "ಕೆಳಗಿನ ಮನಿ ಆಯಿಗೆ?" ಎಂದರು ಅವರು ಒಂದು ಬೂಟು ಕೈಯಲ್ಲಿ ಹಿಡಿದು. "ಆ ಕಸದ ಡಬ್ಬಿ ತಪ್ಪಿಸೋ ಆಯಿಗೇನು?"

ಬಹುಮಾನ ಕೊಡುವುದು ಏಪ್ರಿಲ್ ತಿಂಗಳಲ್ಲಿ, ಅಮೆರಿಕದಲ್ಲಿ. ಅಲ್ಲಿ ಆಯಿಯ ತಂಗಿಯ ಮಗಳು ಇದ್ದಳು. ಅವಳು ಸುದ್ದಿ ತಿಳಿದದ್ದೇ ಫೋನ್ ಮಾಡಿದಳು: ಬಂದವಳು ಇಲ್ಲಿಯೇ ಇದ್ದುಬಿಡು ದೊಡ್ಡಮ್ಮಾ, ನಿನಗೆ ನೆಲದ ಮಟ್ಟದಲ್ಲಿ ಒಂದು ಕೋಣೆ ಇದೆ, ಆಸ್ಪತ್ರೆ ಹತ್ತಿರ, ಮೆಟ್ಟಿಲಿಲ್ಲ. ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ಆಯಿ ಹಾಲಿನ ಪೊಟ್ಟಣ ಹಿಡಿದು ಎರಡು ಮಹಡಿ ಹತ್ತುವಾಗ ನಡುವೆ ನಿಂತು ಗೋಡೆ ನೋಡುವುದನ್ನು ನಾನೇ ಕಂಡಿದ್ದೆ. ತಂಗಿಯ ಮಗಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ಸಿಟ್ಟು ಬಂತು.

"ನೀವೇನಂದ್ರಿ?" ಎಂದು ಕೇಳಿದೆ.

"ನೋಡೋಣಂತ ಅಂದೆ."

ನೋಡೋಣ ಎನ್ನುವುದು ಯಾವ ಭಾಷೆಯಲ್ಲೂ ಒಳ್ಳೆಯ ಉತ್ತರವಲ್ಲ. ನನ್ನವ್ವ ಹೋದ ಮೇಲೆ ಧಾರವಾಡದ ಮನೆಯಲ್ಲಿ ಅಣ್ಣ ಅತ್ತಿಗೆ ಇದ್ದಾರೆ, ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಊಟಕ್ಕೆ ಕೂತರೆ ಇನ್ನಷ್ಟು ಬಡಿಸಲೇ ಎಂದು ಕೇಳುತ್ತಾರೆ. ಅವ್ವ ಕೇಳುತ್ತಿರಲಿಲ್ಲ, ಬಡಿಸುತ್ತಿದ್ದಳು. ಕೇಳದೆ ಬಾಗಿಲು ತೆಗೆದು, ಕೇಳದೆ ಸೋಫಾದ ಮೇಲೆ ಕಂಬಳಿ ಹೊದಿಸುವವರು ನನಗೆ ಈ ಲೋಕದಲ್ಲಿ ಉಳಿದದ್ದು ಒಬ್ಬರೇ. ಅವರು ಹೋಗಿ ಅಲ್ಲಿಯೇ ಉಳಿದರೆ ನಾನು ಬಸ್ಸಿಳಿದು ನೇರ ಮೂರನೆಯ ಮಹಡಿಗೆ ಹತ್ತಬೇಕು. ಚಳಿಗಾಲವಿಡೀ ನನ್ನ ಎದೆಯಲ್ಲಿ ಇದೊಂದೇ ಇತ್ತು. ಕವಿತೆಗಳ ನಡುವೆ ನಿದ್ದೆ ಬರುವುದೂ ಕಮ್ಮಿಯಾಯಿತು. ಅವರು ಅದನ್ನು ಗಮನಿಸಿ, "ಯಾಕ, ಬರೆಯೂದು ಕೆಟ್ಟೈತೇನು?" ಎಂದು ಕೇಳಿದರು. ಹೌದೆಂದೆ.

ಹೊರಡುವ ದಿನ ಬೆಳಗ್ಗೆ ನಾನು ಉಡಿ ತುಂಬಲು ಹೊರಟೆ. ಹೆಣ್ಣುಮಗಳು ತವರಿನಿಂದ ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ಕಾಯಿ, ರವಿಕೆಯ ಖಣ ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಬರಿಗೈಲಿ ಹೋಗಬಾರದು, ಈ ಮನೆ ನಿನ್ನದು, ಮತ್ತೆ ಬಾ ಎಂದು ಅದರ ಅರ್ಥ. ನನಗೆ ಬೇಕಿದ್ದದ್ದು ಕೊನೆಯ ಅರ್ಥ. ಬಾಯಿಬಿಟ್ಟು ಬನ್ನಿ ಎಂದು ಬೇಡಿಕೊಳ್ಳಲು ನನ್ನ ಸೊಕ್ಕು ಬಿಡಲಿಲ್ಲ, ಅಕ್ಕಿಯ ಕೈಯಲ್ಲಿ ಹೇಳಿಸೋಣ ಎಂದುಕೊಂಡೆ.

ತಟ್ಟೆಯಲ್ಲಿ ಉತ್ತತ್ತಿ, ಅರಿಷಿಣದ ಕೊಂಬು, ಬೆಲ್ಲದಚ್ಚು ಜೋಡಿಸುವುದನ್ನು ನೋಡಿ ನಮ್ಮ ಮನೆಯವರು ದನಿ ತಗ್ಗಿಸಿದರು. "ಅಲ್ಲ, ಅವರ ಯಜಮಾನ್ರು ತೀರಿಕೊಂಡಾರಲ್ಲ. ಉಡಿ ತುಂಬತಾರೇನು?"

ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಪದ್ಧತಿ ಹಾಗೇ ಇದೆ. ಅಪ್ಪ ಹೋದ ಮೇಲೆ ನನ್ನವ್ವ ಊರಿನ ಹೆಣ್ಣುಮಕ್ಕಳಿಗೆಲ್ಲ ಒಳಗಿನಿಂದ ಅಕ್ಕಿ ಕಾಯಿ ತಂದುಕೊಡುತ್ತಿದ್ದಳು, ತಾನು ಪಡಸಾಲೆಗೆ ಬರುತ್ತಿರಲಿಲ್ಲ. ಅವಳ ಉಡಿಗೆ ಒಬ್ಬರೂ ಒಂದು ಕಾಳು ಹಾಕಲಿಲ್ಲ, ನಾನೂ ಸೇರಿ.

"ಅವರು ಹೊಂಟದ್ದು ಗಂಡನ ಮನೀಗಲ್ಲ, ಬಹುಮಾನಕ್ಕ," ಎಂದು ಸಿಡುಕಿದೆ. "ಕಾಯಿ ಕೊಡ್ರಿ ಇತ್ತ."

ಆಯಿ ಆಗಲೇ ಬಾಗಿಲ ಬಳಿ ಸೂಟ್‌ಕೇಸ್ ಇಟ್ಟು ಬೂದು ಬಣ್ಣದ ಕೋಟು ತೊಟ್ಟು ನಿಂತಿದ್ದರು. ಸೆರಗಿಲ್ಲ. ಕೋಟಿನ ಎರಡು ಅಂಚು ಹಿಡಿದು ಮುಂದೆ ಚಾಚಿರಿ ಎಂದೆ. ಹಣೆಗೆ ಕುಂಕುಮವಿಟ್ಟು, ಬೊಗಸೆಯಲ್ಲಿ ಅಕ್ಕಿ ಎತ್ತಿ ಹಾಕಿದೆ. ಕೋಟಿನ ಬಟ್ಟೆಯ ಮೇಲೆ ಅಕ್ಕಿ ಬೀಳುವ ಸದ್ದು ಸೀರೆಯ ಮೇಲೆ ಬೀಳುವ ಹಾಗಿರಲಿಲ್ಲ, ಸಣ್ಣ ಮಳೆಯ ಹಾಗೆ ಇತ್ತು. ಅವರು ಒಂದೊಂದಕ್ಕೂ ಇದೇನು, ಇದು ಯಾಕೆ ಎಂದು ಕೇಳಿದರು. ನಾನು ಅಳು ಬಾರದಿರಲೆಂದು ಮಾತಾಡಿದೆ, ಮಾತಾಡುತ್ತಲೇ ಹೋದೆ. ತವರು ಎಂದರೇನು, ಹೆಣ್ಣುಮಕ್ಕಳು ಹೇಗೆ ಹೋಗುತ್ತಾರೆ, ಹೇಗೆ ಬರುತ್ತಾರೆ, ಪಂಚಮಿ ಹಬ್ಬಕ್ಕೆ ಏನು ಮಾಡುತ್ತಾರೆ, ಬಾಯಿಗೆ ಬಂದದ್ದೆಲ್ಲ. ಕೊನೆಗೆ, ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಮನೆಗೆ ವಾಪಸ್ ಹಾಕಬೇಕು, ತವರು ಬರಿದಾಗಬಾರದು ಎಂದೆ. ಅವರು ಒಂದು ಹಿಡಿ ತೆಗೆದು ನನ್ನ ತಟ್ಟೆಗೆ ಹಾಕಿದರು. ಸ್ವಲ್ಪ ಯೋಚಿಸಿ ಇನ್ನೊಂದು ಹಿಡಿ ಹಾಕಿದರು. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ.

ತೆಂಗಿನಕಾಯಿಯನ್ನೂ ಅಕ್ಕಿಯನ್ನೂ ಅಮೆರಿಕದ ವಿಮಾನನಿಲ್ದಾಣದಲ್ಲಿ ಕಿತ್ತುಕೊಂಡರಂತೆ. ಇದು ಎಲ್ಲಿಯದು ಎಂದು ಅಧಿಕಾರಿ ಕೇಳಿದ್ದಕ್ಕೆ ಆಯಿ ಗಂಭೀರವಾಗಿ, ತವರಿನದು ಎಂದರಂತೆ. ಖಣ ಉಳಿಯಿತು. ಸಮಾರಂಭದ ವಿಡಿಯೋವನ್ನು ನಾನು ಮರುದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನೋಡಿದೆ. ದೊಡ್ಡ ವೇದಿಕೆ, ಪುಟ್ಟ ಆಯಿ, ಕುತ್ತಿಗೆಗೆ ಸುತ್ತಿದ ಗುಳೇದಗುಡ್ಡದ ಕೆಂಪು ಖಣ. ಅವರ ಬರವಣಿಗೆಯನ್ನು ಯಾರೋ ಬಹಳ ಹೊತ್ತು ಹೊಗಳಿದರು. ಆಯಿ ಮಾತಾಡಿದ್ದು ಸ್ವಲ್ಪವೇ. ನನಗೆ ಜರ್ಮನಿಯಲ್ಲಿ ಕೇಳುವವಳೊಬ್ಬಳಿದ್ದಾಳೆ, ನಾನು ಓದಿದರೆ ನಿದ್ದೆ ಹೋಗುತ್ತಾಳೆ, ಒಬ್ಬರಿಗೆ ನೆಮ್ಮದಿಯ ನಿದ್ದೆ ತರಿಸುವಷ್ಟು ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ ಎಂದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ನಾನು ಸೂಪಿನ ಬಟ್ಟಲಿನ ಮುಂದೆ ಕೂತು ಅತ್ತೆ. ಪಕ್ಕದ ಜರ್ಮನ್ ಸಹೋದ್ಯೋಗಿ ಟಿಶ್ಯೂ ಕಾಗದವನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.

ವಾಪಸ್ ಬರಬೇಕಾದ ದಿನ ಆಯಿ ಬರಲಿಲ್ಲ. ಟಿಕೆಟ್ ಮುಂದೆ ಹಾಕಿದ್ದೇವೆ ಎಂದು ತಂಗಿಯ ಮಗಳು ಸಂದೇಶ ಕಳಿಸಿದಳು. ಮೇ ಹೋಯಿತು, ಜೂನ್ ಬಂತು. ಈ ಸಲ ನಾನು ಸಂಡಿಗೆ ಇಡಲಿಲ್ಲ. ಕೆಳಗಿನ ಮನೆಯ ಟಪಾಲು ಡಬ್ಬಿ ತುಂಬಿ, ನಾನೇ ತೆಗೆದು ಮೇಲೆ ತಂದಿಟ್ಟೆ. ಬಸ್ಸಿಳಿದು ಬರುವಾಗ ಎರಡನೆಯ ಮಹಡಿಯಲ್ಲಿ ಕಾಲು ತಾನೇ ನಿಲ್ಲುತ್ತಿತ್ತು, ನಿದ್ದೆಯಲ್ಲಿ ನಡೆಯುವವರ ಹಾಗೆ. ಒಮ್ಮೆ ಬಾಗಿಲು ತಟ್ಟಿಯೂಬಿಟ್ಟೆ.

ಫೋನಿನಲ್ಲಿ ಮಾತಾಡುತ್ತಿದ್ದೆವು. ಅವರು ಅಲ್ಲಿಯ ಹವೆ ಹೇಳುತ್ತಿದ್ದರು, ನಾನು ಇಲ್ಲಿಯ ಹವೆ ಹೇಳುತ್ತಿದ್ದೆ. ಬರುತ್ತೇನೆ ಎಂದು ಅವರು ಹೇಳುವುದಿಲ್ಲ, ಬನ್ನಿ ಎಂದು ನಾನು ಹೇಳುವುದಿಲ್ಲ. ನೆಲದ ಮಟ್ಟದ ಕೋಣೆ ಸಿಕ್ಕಿದೆ, ಬಹುಮಾನ ಬಂದಿದೆ, ಇನ್ನು ಈ ಹಳೆ ಕಟ್ಟಡ ಯಾರಿಗೆ ಬೇಕು ಎಂದು ನನ್ನ ಒಳಗೆ ಸಿಟ್ಟು ಕುದಿಯುತ್ತಿತ್ತು. ನಾನು ಪಾತ್ರೆ ಕುಕ್ಕುವ ರೀತಿ ನೋಡಿ ಮಗಳು ಜರ್ಮನ್‌ನಲ್ಲಿ, ಕೇಳಿದರೆ ಆಯಿತಲ್ಲ ಅಮ್ಮಾ, ಅದರಲ್ಲೇನಿದೆ, ಎಂದಳು. ಆ ಭಾಷೆಯಲ್ಲಿ ಎಲ್ಲವೂ ಅಷ್ಟು ಸುಲಭ.

ಜುಲೈ ತಿಂಗಳ ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿದೆ. "ಯಾವಾಗ ಬರ್ತೀರಿ, ಆಯಿ?"

"ಅದನ್ನ ನೀ ಹೇಳಬೇಕಲ್ಲ," ಎಂದರು.

"ಅದರಾಗ ನಾ ಏನ್ ಹೇಳೂದು?"

"ಉಡಿ ತುಂಬಿದ ದಿನ ನೀನ ಹೇಳಿದಿ. ಹೆಣ್ಣಮಗಳು ತನ್ನಷ್ಟಕ್ಕ ತಾನ ತವರಿಗೆ ಬರಂಗಿಲ್ಲ, ಮನಿಯಿಂದ ಯಾರರೆ ಕರಿಯಾಕ ಬರಬೇಕು ಅಂತ. ನಾ ಹಾದಿ ನೋಡಾಕತ್ತೀನಿ. ಇಷ್ಟ ದಿನ ಯಾರೂ ಬರಲಿಲ್ಲಂದ್ರ, ಬ್ಯಾಡಾಗೀನಿ ಅಂದುಕೊಂಡೆ," ಎಂದರು.

ನಾನು ಹೇಳಿದ್ದೆ. ಪಂಚಮಿಗೆ ಅಣ್ಣಂದಿರು ಬಂದು ಕರೆದೊಯ್ಯುವುದನ್ನು, ಕರೆಯಲು ಯಾರೂ ಬಾರದ ಹೆಣ್ಣುಮಗಳು ಬಾಗಿಲಲ್ಲಿ ಕೂತು ದಾರಿ ನೋಡುವುದನ್ನು, ಎಲ್ಲ ಹೇಳಿದ್ದೆ. ಅಳು ತಡೆಯಲು ಆಡಿದ ಮಾತು, ಅದನ್ನು ನಾನು ಮರೆತಿದ್ದೆ. ಅವರು ಒಂದೊಂದು ಪದಕ್ಕೂ ಬೆಲೆ ಕೊಟ್ಟು ಬದುಕಿದವರು, ನನ್ನ ಮಾತನ್ನೂ ಹಾಗೇ ತೆಗೆದುಕೊಂಡಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಇಡೀ ಬೇಸಿಗೆ ಕಳೆದಿದ್ದೆವು. ನನಗೆ ನಗು ಬಂತು.

ನಮ್ಮ ಮನೆಯವರದು ಇನ್ನೂ ಭಾರತದ ಪಾಸ್‌ಪೋರ್ಟ್, ಅವರಿಗೆ ವೀಸಾ ಸಿಗುವ ಹೊತ್ತಿಗೆ ಇನ್ನೊಂದು ಪಂಚಮಿ ಬರುತ್ತಿತ್ತು. ನನ್ನದು ಜರ್ಮನ್ ಆಗಿತ್ತು, ವೀಸಾ ಬೇಕಿರಲಿಲ್ಲ. ಅದನ್ನು ತೆಗೆದುಕೊಂಡ ದಿನ ತುಂಬ ಸಂಕಟಪಟ್ಟಿದ್ದೆ, ಈಗ ಅದು ಮೊದಲ ಸಲ ಒಳ್ಳೆಯ ಕೆಲಸಕ್ಕೆ ಬಂತು. ರಜೆ ಹಾಕಿ, ಬರುವ ದಿನವನ್ನು ಆಯಿಗೆ ತಿಳಿಸಿ, ಒಬ್ಬಳೇ ಹೊರಟೆ. ವಿಮಾನದಲ್ಲಿ ಕೆಳಗೆ ಬರೀ ಮೋಡ. ಹಸಿರು ಸೋಫಾದ ಮೇಲೆ ಮಲಗಿದಾಗ ಬರುತ್ತಿದ್ದ ನಿದ್ದೆ ಎಷ್ಟೋ ತಿಂಗಳ ಮೇಲೆ ಬಂತು.

ಅವರ ಊರಿನಲ್ಲಿ ಮರದ ಮನೆಗಳ ಸಾಲು. ಬಾಗಿಲು ತೆರೆದವಳು ತಂಗಿಯ ಮಗಳು, ಅದೇ ಉದ್ದ ಮೂಗು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಬೆಳಗಿನಿಂದ ಹೀಗೇ ಕೂತಿದ್ದಾರೆ, ಊಟಕ್ಕೂ ಏಳಲಿಲ್ಲ, ಎಂದು ಒಳಗೆ ಕೈ ತೋರಿಸಿದಳು. ಬಾಗಿಲಿಗೆ ಎದುರಾಗಿ ಹಾಕಿದ ಕುರ್ಚಿಯಲ್ಲಿ ಆಯಿ ಕೂತಿದ್ದರು. ಬಿರುಬೇಸಿಗೆಯಲ್ಲೂ ಮೈಮೇಲೆ ಕೋಟು, ಕಾಲಿಗೆ ಬೂಟು, ಪಕ್ಕದಲ್ಲಿ ಸೂಟ್‌ಕೇಸ್.

"ನೀವು ಜರ್ಮನಿಯ ಆ ಮೇಲಿನ ಮನೆಯವರಲ್ಲವೇ?" ಎಂದು ಅವಳು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಆಯಿಯ ದನಿ ಬಂತು. ಮಾತೆಲ್ಲ ಇಂಗ್ಲಿಷ್, ಒಂದು ಪದ ಮಾತ್ರ ಕನ್ನಡ. ಅದನ್ನು ಅವರು ಇಷ್ಟು ದಿನ ಒಬ್ಬರೇ ಕೂತು ಬಾಯಿಪಾಠ ಮಾಡಿರಬೇಕು.

"ಅಲ್ಲ," ಎಂದರು. "ಅವರು ನಮ್ಮ ತವರಿನವರು. ನನ್ನ ಕರಿಯಾಕ ಬಂದಾರ."